ಹಡಗಿನವರೆಗಿನ ದಾರಿ

ಪ್ರವಾಸಿ ಹಡಗುಗಳು ಹೊರಟು ಮರಳಿ ಬರುವ ಬಂದರಿಗೆ ಜಾಗ ಸೂಚಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀರಿನ ಆಳ, ಉಬ್ಬರವಿಳಿತಗಳನ್ನು ನೋಡಿ ಸೂರತ್ ಬಳಿಯ ಒಂದು ತೀರವನ್ನು ಆರಿಸಿದ್ದೆ. ವರದಿ ಕಳಿಸುವ ಮುನ್ನ ಕೊನೆಯ ಸಲ ನೋಡಲು ಹೊರಟಾಗ, ಸಮುದ್ರ ನೋಡಬೇಕೆಂದು ಅಮ್ಮನೂ ಮಂಜಲ್‌ಪುರದ ಮನೆಯಿಂದ ನನ್ನ ಜೊತೆ ಬಂದಳು. ರೈಲಿಳಿದು ಎರಡು ಆಟೋ ಬದಲಿಸಿ, ಬಿಸಿಲಲ್ಲಿ ಬಹಳ ದೂರ ನಡೆದೆವು. ಅಮ್ಮ ಮೊಣಕಾಲು ಹಿಡಿದುಕೊಂಡು ಕಲ್ಲಿನ ಮೇಲೆ ಕೂತುಬಿಟ್ಟಳು.

“ಹಡಗಲ್ಲಿ ಹೋಗೋರು ನನ್ನ ವಯಸ್ಸಿನೋರೇ ಜಾಸ್ತಿ ಅಂದಿದ್ದೆಯಲ್ಲೋ. ಅವರು ಇಲ್ಲೀತನಕ ಹೆಂಗೆ ಬರ್ತಾರೆ?”

ನನಗೆ ನಾಚಿಕೆಯಾಯಿತು. ಅಷ್ಟು ತಿಂಗಳಲ್ಲಿ ಅದನ್ನು ನಾನು ಯೋಚಿಸಿರಲೇ ಇಲ್ಲ. ಮರುದಿನ ವರದಿ ತಿದ್ದಿ, ರೈಲು ನಿಲ್ದಾಣಕ್ಕೆ ಹತ್ತಿರವಿದ್ದ ಬೇರೊಂದು ತೀರವನ್ನು ಸೂಚಿಸಿದೆ. ಮೇಲಧಿಕಾರಿ ಗೊಣಗುತ್ತಲೇ ಸಹಿ ಹಾಕಿದರು.