ಎಳೆಯ ಪು-ಎರ್‌ನ ಒಗರು

ಇಂದಿರಾನಗರದಲ್ಲಿ ಚಹಾ ಅಂಗಡಿ ತೆರೆಯಲಿದ್ದ ಮಗಳು, ಪು-ಎರ್ ಎಂಬ ಚೀನಾದ ಚಹಾವನ್ನು ಹಾಲು, ಸಕ್ಕರೆ ಇಲ್ಲದೆ ನನ್ನ ಮುಂದಿಟ್ಟಳು. ಅದರ ಎಲೆಯನ್ನು ವರ್ಷಗಟ್ಟಲೆ ಮಾಗಿಸುತ್ತಾರಂತೆ. ಇದಿನ್ನೂ ಎಳೆಯದು, ಕಚ್ಚಾ. ಒಂದು ಗುಟುಕಿಗೇ ನಾಲಿಗೆ ಒರಟಾಯಿತು.

“ಕಹಿ ಕಣಮ್ಮಾ. ಯಾರು ಕುಡೀತಾರೆ ಇದನ್ನ?”

“ಕಹಿನಾ, ಒಗರಾ? ಸರಿಯಾಗಿ ಹೇಳಪ್ಪಾ. ಅಂಗಡಿಗೆ ಇದನ್ನೇ ತರಿಸ್ಬೇಕು ಅಂತಿದೀನಿ.”

“ಎರಡೂ ಒಂದೇ,” ಎಂದು ಎದ್ದುಬಿಟ್ಟೆ. ಅವಳು ಚಹಾದ ಪೊಟ್ಟಣ ಕಟ್ಟಿ ಪಕ್ಕಕ್ಕಿಟ್ಟಳು.

ಹಲಸೂರಿನ ಬಸ್ಸಿನಲ್ಲಿ ಕುಳಿತಾಗ, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ ಗಂಟಲಿನಲ್ಲಿ ಸಿಹಿ ಏರತೊಡಗಿತು. ಮನಸ್ಸು ಕೂತಲ್ಲಿ ಕೂರಗೊಡಲಿಲ್ಲ. ಅವಳು ಕೇಳಿದ್ದಕ್ಕೆ ಯೋಚಿಸಿ ಉತ್ತರಿಸದೆ ಬಂದದ್ದು ನನ್ನ ತಪ್ಪು. ಮುಂದಿನ ನಿಲ್ದಾಣದಲ್ಲಿ ಇಳಿದು, ಬಿರಬಿರನೆ ಹಿಂದಕ್ಕೆ ನಡೆದೆ.

“ಏನಪ್ಪಾ, ಕನ್ನಡಕ ಮರ್ತ್ಯಾ?”

“ಇಲ್ಲಮ್ಮಾ, ತಪ್ಪು ಹೇಳ್ಬಿಟ್ಟೆ. ಅದು ಕಹಿಯಲ್ಲ, ಒಗರು; ಆಮೇಲೆ ಸಿಹಿ ಬರತ್ತೆ. ಇನ್ನೊಂದು ಲೋಟ ಕೊಡು,” ಎಂದೆ, ಏದುಸಿರು ಬಿಡುತ್ತಾ.