ದೊಡ್ಡವ್ವ ಹೊಲದಲ್ಲಿ ಅತ್ತದ್ದು

ನಿನ್ನೆ ಕಟಕೋಳದಿಂದ ಬಂದವನೇ ಸ್ನಾನ ಮಾಡಿದೆ, ಉಟ್ಟ ಬಟ್ಟೆಯನ್ನೆಲ್ಲ ನೆನೆಹಾಕಿದೆ. ಆದರೂ ವಿಭೂತಿಯ ವಾಸನೆ ಮೂಗಿನಿಂದ ಹೋಗುತ್ತಿಲ್ಲ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ತೀರಿಕೊಂಡಳು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದಳು. ಅಂಗಳದಲ್ಲಿ ಭಜನಾ ಮೇಳದವರು ಮೈಕು ಹಚ್ಚಿಕೊಂಡು ಕುಳಿತಿದ್ದರು, ಸೊಸೆಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬರೂ ಹಾಡಲಿಲ್ಲ.

ಸಾವಿನ ಮನೆಯಲ್ಲಿ ಎಂಥ ಹಾಡು ಎಂದು ನೀವು ಕೇಳಬಹುದು. ನಮ್ಮ ಕಡೆ ಹೆಂಗಸರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವರನ್ನು ಕರೆದು ಕರೆದು, ಅವರ ಗುಣಗಳನ್ನೆಲ್ಲ ಎತ್ತಿ ಹಾಡುತ್ತ ಅಳುತ್ತಿದ್ದರು. ಹಾಡ್ಯಾಡಿ ಅಳುವುದು ಎನ್ನುತ್ತೇವೆ. ದೊಡ್ಡವ್ವ ಬಂದು ದನಿ ತೆಗೆದಳೆಂದರೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗಂಡಸರೂ ಮುಖ ತಿರುಗಿಸಿಕೊಳ್ಳಬೇಕು. ಊರವರಿಗೆಲ್ಲ ಅತ್ತವಳಿಗೆ ಹಾಡುವವರೇ ಇಲ್ಲದಂತಾಯಿತು. ನನಗೆ ಸಂಕಟವಾಯಿತು.

ಈ ವಿಷಯದಲ್ಲಿ ನಾನು ಸ್ವಲ್ಪ ಪಂಡಿತ. ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಎಂ.ಎ. ಓದುವಾಗ ಜಾನಪದದ ಮೇಲೊಂದು ಕಿರುಪ್ರಬಂಧ ಬರೆಯಬೇಕಿತ್ತು. ಗೆಳೆಯರೆಲ್ಲ ಬೀಸುವ ಪದ, ಸೋಬಾನ ಪದ ಎಂದು ಜಾಣತನದಿಂದ ಹೆಸರು ಬರೆಸಿದರು. ನನಗೆ ಎಲ್ಲರಿಗಿಂತ ಒಂದು ತೂಕ ಹೆಚ್ಚು ಕಾಣಿಸಿಕೊಳ್ಳುವ ಚಟ. ಎದ್ದು ನಿಂತು, ಅಳುವ ಹಾಡು ಎಂದುಬಿಟ್ಟೆ. ಮಾರ್ಗದರ್ಶಕರಾದ ಸರ್ ಕನ್ನಡಕ ತೆಗೆದು ನನ್ನನ್ನು ನೋಡಿ, ಇದನ್ನು ನಮ್ಮಲ್ಲಿ ಇನ್ನೂ ಯಾರೂ ಮುಟ್ಟಿಲ್ಲ ಎಂದರು. ಯಾಕೆ ಮುಟ್ಟಿಲ್ಲ ಎನ್ನುವುದು ನನಗೆ ಬೇಗನೇ ತಿಳಿಯಿತು.

ಸಾವಿಲ್ಲದೆ ಆ ಹಾಡು ಹಾಡಿದರೆ ಸಾವನ್ನು ಮನೆಗೆ ಕರೆದಂತೆ. ವಿಭಾಗದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಮುರಗೋಡ ಸುತ್ತಿದೆ, ಯರಗಟ್ಟಿ ಸುತ್ತಿದೆ. ಚಹಾ ಕೊಟ್ಟರು, ಚುರುಮುರಿ ಕೊಟ್ಟರು, ವಿಷಯ ಹೇಳಿದ ಕೂಡಲೇ ಎದ್ದು ಬಾಗಿಲಿಗೆ ಬಂದು ನಿಂತರು. ಯರಗಟ್ಟಿಯ ಒಬ್ಬ ಅಜ್ಜಿ ಮಾತ್ರ ಸಮಾಧಾನದಿಂದ ಹೇಳಿದಳು: "ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಅದಾರ. ನೀ ಮುಂದಿನ ಮನಿ ನೋಡಪಾ." ಮುಂದಿನ ಮನೆಗೆ ನಾನು ಹೋಗುವ ಮೊದಲೇ ಸುದ್ದಿ ಹೋಗಿರುತ್ತಿತ್ತು. ಕಡೆಕಡೆಗೆ ಬಸ್ಸಿನಲ್ಲಿ ಯಾರಾದರೂ ಮುದುಕರು ಜೋರಾಗಿ ಕೆಮ್ಮಿದರೆ, ಯಾವ ಊರ್ರಿ ಯಜಮಾನ್ರ ಎಂದು ಕೇಳುವಷ್ಟರ ಮಟ್ಟಿಗೆ ನನ್ನ ತಲೆ ಕೆಟ್ಟಿತ್ತು. ಆ ಬೇಸಿಗೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಒಂದು ವರ್ಷ ಹೋದಂತೆಯೇ. ಕ್ಯಾಸೆಟ್ಟು ಖಾಲಿ ಇತ್ತು.

ಉಳಿದವಳು ದೊಡ್ಡವ್ವ. ಕಟಕೋಳಕ್ಕೆ ಹೋಗಿ ಕಾಲು ಹಿಡಿದೆ. ಆಕೆಯೂ ಒಪ್ಪಲಿಲ್ಲ. ಹಾಡೆಂದರೆ ಗಾಳಿಗೆ ಹಾಡುವುದಲ್ಲ, ಒಬ್ಬರನ್ನು ಕರೆಯಬೇಕು, ಬದುಕಿದ್ದವರ ಪೈಕಿ ಯಾರನ್ನು ಕರೆಯಲಿ ಎಂದು ನನ್ನನ್ನೇ ಕೇಳಿದಳು. ನಾನು ಉಣ್ಣದೆ ಮಲಗಿದೆ. ಮುಂಜಾನೆ ರೊಟ್ಟಿ ತಟ್ಟುತ್ತ, ನನ್ನ ಮುಖ ನೋಡದೆ, ತಾನಾಗಿಯೇ ಒಂದು ಸಂಗತಿ ಹೇಳಿದಳು. ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆದಾಗ, ಎಣ್ಣೆ ಹಚ್ಚಿ ನೀರೆರೆಯಲು ಬರುತ್ತೇನೆಂದಿದ್ದ ಅವಳ ತಾಯಿ, ಅಂದರೆ ನನ್ನ ಅಜ್ಜಿ, ಬರುವ ಮೊದಲೇ ತೀರಿಕೊಂಡಳಂತೆ. ಹಸಿ ಬಾಣಂತಿಗೆ ಸುದ್ದಿ ಮುಚ್ಚಿಟ್ಟರು. ಗೊತ್ತಾದ ಮೇಲೂ, ಅತ್ತರೆ ಎದೆಹಾಲು ಕೆಟ್ಟು ಕೂಸಿಗೆ ಮುಟ್ಟೀತೆಂದು ಅಳಗೊಡಲಿಲ್ಲ.

"ಊರ ಮಂದಿಗೆಲ್ಲಾ ಅತ್ತೇನಿ, ನಮ್ಮವ್ವಗ ಅತ್ತಿಲ್ಲ. ನಡಿ ಹೊಲಕ್ಕ," ಎಂದಳು.

ಊರಿನ ಸೀಮೆ ದಾಟಿದ ಮೇಲೆ ಜೋಳ ಕಿತ್ತ ಬಯಲಲ್ಲಿ ಒಂದು ಬೇವಿನ ಮರ. ಕೊರಳಿಗೆ ಬೀಳಲು ಇನ್ನೊಬ್ಬ ಹೆಂಗಸಿಲ್ಲವಲ್ಲ, ದೊಡ್ಡವ್ವ ಸೆರಗು ಹೊದ್ದು ಮರದ ಬೊಡ್ಡೆಯನ್ನು ತಬ್ಬಿಕೊಂಡಳು. ನಾನು ಗುಂಡಿ ಒತ್ತಿ ದೂರ ಸರಿದೆ. "ಎಣ್ಣಿ ಹಚ್ಚಿ ಎರದೇನಂದಿ ನನ್ನ ಹಡೆದವ್ವಾ, ಬರೋ ದಾರಿ ಯಾರ ಕಟ್ಟಿದ್ರ" ಎಂದು ಶುರುವಾದದ್ದು ಬಿಸಿಲು ನೆತ್ತಿಗೆ ಬರುವವರೆಗೂ ನಿಲ್ಲಲಿಲ್ಲ. ನಡುವೆ ಹತ್ತಿರ ಹೋಗಿ ಕ್ಯಾಸೆಟ್ಟು ತಿರುವಿ ಹಾಕಿ ಬಂದೆ. ಮನೆಗೆ ಬಂದು ಆಕೆ ಮುಖ ತೊಳೆದುಕೊಂಡು ಹೊಟ್ಟೆ ತುಂಬ ಉಂಡಳು. ಹಾಡು ತುಂಬಿದ ಡಬ್ಬಿಯನ್ನು ಮಾತ್ರ ಒಳಗೆ ತರಗೊಡಲಿಲ್ಲ. ಹೊರಡುವಾಗ, ಆ ಡಬ್ಬಿಯನ್ನು ಯಾರ ಮನೆಯ ಹೊಸ್ತಿಲೂ ದಾಟಿಸಬೇಡ ಎಂದು ಕಟ್ಟಪ್ಪಣೆ ಮಾಡಿದಳು.

ಹಾಗಾಗಿ ಬೈಲಹೊಂಗಲದ ನಮ್ಮ ಮನೆಗೂ ಹೋಗದೆ ನೇರ ಧಾರವಾಡಕ್ಕೆ ಬಂದೆ. ಬಂದ ವಾರವೇ ಹಾಸ್ಟೆಲಿಗೆ ಅಪ್ಪನ ಫೋನು ಬಂತು. ಅವ್ವನಿಗೆ ಗರ್ಭಚೀಲದ ಆಪರೇಶನ್ ಆಗಬೇಕು, ಬೆಳಗಾವಿಯಲ್ಲಿ ತಾರೀಖು ಕೊಟ್ಟಿದ್ದಾರೆ ಎಂದರು. ಹೊಲದ ಹಾಡು ಸಾವನ್ನು ನಮ್ಮ ಮನೆಗೇ ಕರೆಯಿತೇ ಎನಿಸಿತು. ಮೂಢನಂಬಿಕೆ ಎಂದು ಪರೀಕ್ಷೆಯಲ್ಲಿ ಎಷ್ಟೋ ಪುಟ ಬರೆದಿದ್ದೆ. ಬರೆದದ್ದು ಒಂದಕ್ಷರವೂ ಉಪಯೋಗಕ್ಕೆ ಬರಲಿಲ್ಲ. ರೂಮಿನವನು ಕ್ಯಾಸೆಟ್ಟು ತೋರಿಸಿ, ಇದು ಇಲ್ಲಿದ್ದರೆ ನಾನಿಲ್ಲ ಎಂದ. ಸರ್ ಮನೆಗೆ ಒಯ್ದರೆ, ಅವರು ಗೇಟಿನಲ್ಲೇ ತಡೆದು ನಿಲ್ಲಿಸಿದರು. "ನಂಗೇನೂ ನಂಬಿಕಿ ಇಲ್ರಿ ಮತ್ತ. ಆದ್ರ ಇದು ವಿಭಾಗದಾಗ ಇರಲಿ," ಎಂದರು. ಕಡೆಗೆ ವಿಭಾಗದ ಹಿಂದಿನ ಉಗ್ರಾಣದಲ್ಲಿ ಕುಳಿತು, ಹಾಡನ್ನು ಒಂದೊಂದು ಸಾಲು ಕೇಳಿ ಬರೆದುಕೊಂಡೆ. ಪ್ರತಿ ಸಾಲೂ ಹಡೆದವ್ವಾ ಎಂದೇ ಮುಗಿಯುತ್ತಿತ್ತು. ಬರೆಯುವವನ ಹಡೆದವ್ವ ಆಪರೇಶನ್ನಿಗೆ ಹೊರಟಿದ್ದಳು. ದಿನಾ ಸಂಜೆ ಬೂತಿಗೆ ಓಡಿ ಫೋನು ಮಾಡಿ, ಅವ್ವನ ದನಿ ಕೇಳಿದ ಮೇಲೆಯೇ ಊಟ. ಸುಮ್ಮನೆ ಮಾಡಿದೆ ಎನ್ನುತ್ತಿದ್ದೆ. ಹಾಡು ಅಷ್ಟೂ ಬಾಯಿಪಾಠವಾಯಿತು, ಬೇಡವೆಂದರೂ.

ಆಪರೇಶನ್ನಿನ ದಿನ ಬೆಳಗಾವಿಯ ಆಸ್ಪತ್ರೆಯ ಮೊಗಸಾಲೆಯಲ್ಲಿ ದೊಡ್ಡವ್ವನೂ ಬಂದು ಕುಳಿತಿದ್ದಳು. ತಡೆಯಲಾರದೆ ಕೇಳಿದೆ, ಆ ಹಾಡಿನಿಂದ ಏನಾದರೂ ಆದೀತೇ ಎಂದು. "ನಾ ಸತ್ತಾಕಿಗೆ ಅತ್ತೇನಿ, ಇದ್ದಾಕಿಗಲ್ಲ. ಸುಮ್ನ ಕುಂದರು," ಎಂದು ಗದರಿದಳು. ಗದರಿದವಳೂ ಮುಂಜಾನೆಯಿಂದ ಹನಿ ನೀರು ಮುಟ್ಟಿರಲಿಲ್ಲ.

ಏನೂ ಆಗಲಿಲ್ಲ. ಹೊಲದ ಸುದ್ದಿ ಹೇಗೋ ಅವ್ವನ ಕಿವಿಗೂ ಬಿದ್ದಿತ್ತು; ಎಚ್ಚರವಾಗಿ ಮಾತಾಡುವಂತಾದ ಮೇಲೆ ಅಕ್ಕನ ಕೈ ಹಿಡಿದು ಕೇಳಿದ್ದು ಒಂದೇ, ನಮ್ಮವ್ವಗ ಏನೇನ ಹಾಡಿದಿ ಎಂದು. ಅಜ್ಜಿ ಸತ್ತಾಗ ಅವ್ವ ತೀರ ಸಣ್ಣವಳು. ದೊಡ್ಡವ್ವ ರಾಗ ಬಿಟ್ಟು, ಬರೀ ಮಾತಿನಲ್ಲಿ, ಪಿಸುದನಿಯಲ್ಲಿ ಅದನ್ನೆಲ್ಲ ಹೇಳಿದಳು. ಹೊಲಿಗೆ ಬಿಚ್ಚೀತೆಂದು ನರ್ಸಮ್ಮ ಬಂದು ಇಬ್ಬರನ್ನೂ ಬೈದಳು. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು, ಅದರ ಬಲದಿಂದಲೇ ಮುಂದೆ ಕಾಲೇಜಿನಲ್ಲಿ ಮೇಷ್ಟರೂ ಆದೆ.

ಈಗ, ಇದನ್ನೆಲ್ಲ ನೆನೆಯುತ್ತ ಕುಳಿತಿದ್ದಾಗ, ಅವ್ವ ಅಡುಗೆಮನೆಯಿಂದ ಬಂದು ಎದುರಿಗೆ ಕುಳಿತಳು. ನಿನ್ನೆ ಅವಳೂ ನನ್ನ ಜೊತೆ ಕಟಕೋಳದಲ್ಲಿದ್ದಳು.

"ಅಕ್ಕಗ ಯಾರೂ ಹಾಡಲಿಲ್ಲ. ನನಗೂ ಯಾರೂ ಹಾಡಂಗಿಲ್ಲ. ಬರೋದು ನಿನಗೊಬ್ಬಗ," ಎಂದಳು.

ಗಂಡಸರು ಹಾಡುವ ಪದ್ಧತಿ ಇಲ್ಲ ಎಂದೆ. ಹಾಗೆಂದು ಯಾರು ಬರೆದಿದ್ದಾರೆ ಎಂದು ಕೇಳಿದಳು. ಬರೆದವನು ನಾನೇ, ಮೂರನೆಯ ಅಧ್ಯಾಯದಲ್ಲಿ. ಆಗಲಿ, ಆ ಕಾಲಕ್ಕೆ ನೋಡೋಣ ಎಂದು ಮಾತು ತೇಲಿಸಹೋದೆ.

"ಆ ಕಾಲಕ್ಕ ನನಗೇನ ಕೇಳಸ್ತೈತಿ? ಈಗ ಹಾಡು."

ಮನೆಯೊಳಗೆ, ಬದುಕಿ ಎದುರಿಗೆ ಕುಳಿತ ತಾಯಿಗೆ. ಇಷ್ಟು ವರ್ಷವಾದರೂ ಆ ಹಳೆಯ ಭಯ ಹೋಗಿರಲಿಲ್ಲ. ಅವ್ವ ಮಾತ್ರ ಸೆರಗು ಸರಿ ಮಾಡಿಕೊಂಡು ಕಾಯುತ್ತಿದ್ದಳು. ಕಣ್ಣು ಮುಚ್ಚಿಕೊಂಡು ದನಿ ತೆಗೆದೆ, ನನ್ನ ಹಡೆದವ್ವಾ ಎಂದು.

"ಓ," ಎಂದಳು ಅವ್ವ.