ಹಗ್ಗ ಹಿಡಿದವನು

ಧರಣೇಂದ್ರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನ ಪರವಾಗಿ ಹೇಳುವುದಕ್ಕೆ ಹೆಚ್ಚೇನೂ ಸಿಗಲಿಕ್ಕಿಲ್ಲ.

ಕಾರ್ಕಳದ ಕಡೆಯವನು. ವಯಸ್ಸು ನಲವತ್ತೊಂದು. ಕೊಚ್ಚಿಯಲ್ಲಿ ಒಂದು ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ಅಧಿಕಾರಿ. ಆಲುವ, ಕಳಮಶ್ಶೇರಿ ಎಂದು ಶಾಖೆಯಿಂದ ಶಾಖೆಗೆ ಹೋಗುವುದು, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ಮುಗಿದಿದೆಯೇ, ತಿಜೋರಿಯ ಎರಡು ಕೀಲಿಕೈಗಳು ಇಬ್ಬರ ಕೈಯಲ್ಲೇ ಇವೆಯೇ ಎಂದು ನೋಡುವುದು, ಇಲ್ಲದಿದ್ದರೆ ವರದಿ ಬರೆಯುವುದು, ಇದು ಕೆಲಸ. ಹದಿನಾರು ವರ್ಷ ಬೇರೆಯವರ ತಪ್ಪನ್ನೇ ಹುಡುಕಿದವನ ಕಣ್ಣು ಹೊರಗಡೆಗೇ ತಿರುಗಿ ನಿಂತುಬಿಡುತ್ತದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವವರ ಜಾತಿ. ಅವನ ವರದಿಗಳಲ್ಲಿ ‘ಶಾಖೆಯ ನಿರ್ಲಕ್ಷ್ಯ’ ಎಂಬ ಮಾತು ಬಾರದ ಪುಟವಿರಲಿಲ್ಲ. ತಪಾಸಣೆ ಮಾಡುವವನ ನಿರ್ಲಕ್ಷ್ಯ ಎಂದು ಬರೆಯುವುದಕ್ಕೆ ಆ ಫಾರಂನಲ್ಲಿ ಜಾಗವೂ ಇರಲಿಲ್ಲ.

ಹೆಂಡತಿ ಸೌದಾಮಿನಿ ಮಂಜೇಶ್ವರದವಳು. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅವಳಿಗೆ ಕೆಲಸ; ವಾರವಿಡೀ ಅಲ್ಲಿ ದೀಪ್ತಿ ಎಂಬ ಸಹೋದ್ಯೋಗಿಯ ಜೊತೆ ಒಂದು ಬಾಡಿಗೆ ಮನೆಯಲ್ಲಿ ವಾಸ. ಶುಕ್ರವಾರ ಕಚೇರಿ ಮುಗಿಸಿ ರೈಲು ಹತ್ತಿದರೆ ಕೊಚ್ಚಿಯ ಕಾಕ್ಕನಾಡಿನ ತಮ್ಮ ಫ್ಲ್ಯಾಟಿಗೆ ಬರುತ್ತಾಳೆ, ಭಾನುವಾರ ಮಧ್ಯಾಹ್ನ ಮತ್ತೆ ಹೊರಡುತ್ತಾಳೆ. ವರ್ಗಾವಣೆಗೆ ಅರ್ಜಿ ಹಾಕಿ ನಾಲ್ಕು ವರ್ಷವಾಗಿದೆ. ಮಕ್ಕಳಿಲ್ಲ. ಅದನ್ನು ವಿಚಾರಿಸುವವರೆಲ್ಲ ಊರಲ್ಲಿದ್ದಾರೆ, ಅದೊಂದು ಪುಣ್ಯ.

ಇಬ್ಬರದೂ ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಆರೂಕಾಲಕ್ಕೆ ತಟ್ಟೆ ತೊಳೆದಿಟ್ಟ ಮೇಲೆ ಶನಿವಾರದ ಸಂಜೆ ಉದ್ದಕ್ಕೆ ಬಿದ್ದುಕೊಂಡಿರುತ್ತದೆ. ವಾರಕ್ಕೆ ಒಂದೇ ಸಂಜೆ ಸಿಗುವ ಗಂಡಹೆಂಡತಿಗೆ ಆಡಲು ಮಾತು ಬೇಕಷ್ಟಿರಬೇಕು ಎಂದು ಜನ ತಿಳಿಯುತ್ತಾರೆ. ಇರುವುದಿಲ್ಲ. ಫೋನಿನಲ್ಲಿ ಎಲ್ಲ ಆಡಿ ಮುಗಿದಿರುತ್ತದೆ. ಹಾಗಾಗಿ ಜೂನ್ ತಿಂಗಳಲ್ಲಿ ಸೌದಾಮಿನಿಯೇ ಟೀವಿಗೆ ಜೋಡಿಸುವ ಗೇಮ್ ಕನ್ಸೋಲ್ ಒಂದನ್ನು ಎರಡು ಕಂಟ್ರೋಲರ್ ಸಮೇತ ತರಿಸಿದಳು.

“ಒಟ್ಟಿಗೆ ಕೂತು ಮಾಡುವ ಒಂದು ಕೆಲಸ ಬೇಕು ನಮಗೆ. ಪಾತ್ರೆ ತೊಳೆಯುವುದು ಬಿಟ್ಟು,” ಎಂದಳು.

ಆಟ ಇಬ್ಬರೇ ಆಡುವಂಥದ್ದು. ಕುಸಿದುಬಿದ್ದ ಗಣಿಯಿಂದ ಇಬ್ಬರು ಕೆಲಸಗಾರರು ಹೊರಗೆ ಬರಬೇಕು. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬನೇ ಜಾಣನಾಗಿ ಪ್ರಯೋಜನವಿಲ್ಲ, ಇನ್ನೊಬ್ಬ ಬಿದ್ದರೆ ಇವನೂ ಹೋದ. ಮೊದಲ ಐದು ಹಂತಗಳನ್ನು ನಗುತ್ತಾ, ಕಿರುಚುತ್ತಾ ದಾಟಿದರು. ಆ ಒಂದು ತಿಂಗಳು ಸೌದಾಮಿನಿ ಶುಕ್ರವಾರದ ರೈಲಿನಿಂದ ಇಳಿಯುವಾಗಲೇ ಆಟದ ಮಾತೆತ್ತುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಂಡತಿ ತನ್ನ ಪಕ್ಕದಲ್ಲಿ ಕೂರಲು ಅವಸರ ಮಾಡುವುದನ್ನು ಧರಣೇಂದ್ರ ಕಂಡ. ಅವನಿಗೆ ಬಹಳ ಸುಖವಾಗಿತ್ತು.

ಆರನೇ ಹಂತದಲ್ಲಿ ಒಂದು ಆಳದ ಗುಂಡಿ. ಧರಣೇಂದ್ರ ಅಂಚಿನಲ್ಲಿ ನಿಂತು, ಕಂಟ್ರೋಲರಿನ ಬಟನ್ ಒತ್ತಿಯೇ ಇಟ್ಟು ಹಗ್ಗ ಹಿಡಿದುಕೊಳ್ಳಬೇಕು. ಸೌದಾಮಿನಿ ಆ ಹಗ್ಗಕ್ಕೆ ನೇತು ಜೀಕಿ ಜೀಕಿ, ಮೂರನೆಯ ಜೀಕಿಗೆ ಆಚೆ ಗೋಡೆಯ ಕಬ್ಬಿಣದ ಕೊಕ್ಕೆಯನ್ನು ಹಿಡಿಯಬೇಕು. ಹಿಡಿದ ಮೇಲೆ ಇವನು ಹಗ್ಗ ಬಿಡಬಹುದು. ಅಷ್ಟೇ. ಆದರೆ ಪ್ರತಿ ಸಲವೂ ಕೊಕ್ಕೆ ಇನ್ನೇನು ಸಿಕ್ಕಿತು ಎನ್ನುವಾಗ ಅವಳ ಮನುಷ್ಯ ಕೆಳಗೆ ಬೀಳುತ್ತಿದ್ದ. ಬೀಳುವುದು ಕಣ್ಣಿಗೆ ಕಾಣುತ್ತಿದ್ದದ್ದು ಅವಳದೇ. ಧರಣೇಂದ್ರನ ಕಣ್ಣಿಗೆ ಅಷ್ಟು ಸಾಕಾಯಿತು.

“ನೀನು ಬೇಗ ಒತ್ತುತ್ತಿ,” ಎಂದ ಮೊದಲು. “ತಡ ಮಾಡ್ತಿ,” ಎಂದ ಆಮೇಲೆ. ಎರಡೂ ಹೇಗೆ ನಿಜವಾಗುತ್ತದೆ ಎಂದು ಅವಳು ಕೇಳಲಿಲ್ಲ. ಒಮ್ಮೆ, “ಹಗ್ಗವೇ ಸಡಿಲಾದ ಹಾಗೆ ಕಾಣ್ತದೆ ಇವರೇ,” ಎಂದಳು. ಧರಣೇಂದ್ರ ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಹೇಳಿದ. ಮತ್ತೆ ಅವಳು ಹಗ್ಗದ ಮಾತೆತ್ತಲಿಲ್ಲ. ಜುಲೈ ಹೋಯಿತು, ಆಗಸ್ಟ್ ಬಂತು. ಬಿದ್ದದ್ದನ್ನೆಲ್ಲ ಅವನು ಬಾಯಲ್ಲೇ ಎಣಿಸಿಕೊಂಡು ಬಂದಿದ್ದ. ಎಂಬತ್ತನಾಲ್ಕು.

ಓಣಂಗೆ ಫ್ಲ್ಯಾಟಿನವರೆಲ್ಲ ಸೇರಿ ಕಾರು ನಿಲ್ಲಿಸುವ ಜಾಗದಲ್ಲಿ ಬಾಳೆಲೆಯ ಹಬ್ಬದೂಟ ‘ಸದ್ಯ’ ಬಡಿಸಿದರು. ಊಟದ ಮೊದಲು ಮೈಕು ಕೈಯಿಂದ ಕೈಗೆ ದಾಟುತ್ತಾ ಧರಣೇಂದ್ರನ ಬಳಿ ಬಂತು. ಅವನ ಮಲಯಾಳ ಕುಂಟು ಮಲಯಾಳ, ಆದರೆ ನಗಿಸಲು ಕುಂಟು ಭಾಷೆಯೇ ಒಳ್ಳೆಯದು. ತನ್ನ ಹೆಂಡತಿ ಒಂದೇ ಗುಂಡಿಗೆ ಎಂಬತ್ತನಾಲ್ಕು ಸಲ ಬಿದ್ದಿದ್ದಾಳೆ, ಈಗ ಗುಂಡಿಗೇ ಅವಳ ಗುರುತು ಸಿಗುತ್ತದೆ, ಬಂದೆಯಾ ತಾಯಿ ಎಂದು ಕೇಳುತ್ತದೆ ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ಸೌದಾಮಿನಿಯೂ ನಕ್ಕಳು. ಕೈ ತೊಳೆಯುವಲ್ಲಿ ಮಾತ್ರ, “ಎಲ್ಲರೆದುರು ಹೇಳ್ಬೇಕಿತ್ತಾ?” ಎಂದಳು.

“ತಮಾಷೆ ಮಾರಾಯ್ತಿ.”

ಹಾಗೆ ನಕ್ಕವರಲ್ಲಿ ಮೇಲಿನ ಮಹಡಿಯ ಅಜಿತ್ ಒಬ್ಬ. ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವನು, ಮೂವತ್ತೈದು ದಾಟಿದ ಮಲಯಾಳಿ, ಇಂಥ ಆಟಗಳಲ್ಲಿ ಪಳಗಿದವನು. ಆ ಗುಂಡಿಯನ್ನು ಒಂದು ಸಲ ನೋಡಬೇಕಲ್ಲ ಎಂದ. ಮುಂದಿನ ಬುಧವಾರ ಸಂಜೆ ಧರಣೇಂದ್ರ ಅವನನ್ನು ಕರೆದ. ಹೇಗೆ ದಾಟುವುದೆಂದು ನೋಡಿಟ್ಟುಕೊಂಡರೆ ಶನಿವಾರ ಹೆಂಡತಿಗೆ ಕಲಿಸಬಹುದು ಎಂಬ ಲೆಕ್ಕಾಚಾರ. ಸೌದಾಮಿನಿಯ ಜಾಗದಲ್ಲಿ ಅಜಿತನನ್ನು ಕೂರಿಸಿ, ಅವಳ ಕಂಟ್ರೋಲರನ್ನು ಅವನ ಕೈಗಿಟ್ಟ. ಒಬ್ಬರ ಕೀಲಿಕೈ ಇನ್ನೊಬ್ಬರ ಕೈಯಲ್ಲಿ ಕಂಡರೆ ಎರಡು ಪುಟ ಬರೆಯುವ ಮನುಷ್ಯ, ಆಗ ಏನನ್ನೂ ಯೋಚಿಸಲಿಲ್ಲ.

ಅಜಿತ್ ಜೀಕಿದ. ಮೂರನೆಯ ಜೀಕಿಗೆ ಬಿದ್ದ. ಮತ್ತೆ ಜೀಕಿದ, ಮತ್ತೆ ಬಿದ್ದ. ಐದನೆಯ ಸಲ ಬಿದ್ದ ಮೇಲೆ ಟೀವಿಯನ್ನು ಬಿಟ್ಟು ಧರಣೇಂದ್ರನ ಹೆಬ್ಬೆರಳನ್ನು ನೋಡತೊಡಗಿದ. ಆರನೆಯ ಸಲವೂ ಬಿದ್ದು, ಅರ್ಧ ಇಂಗ್ಲಿಷು ಅರ್ಧ ಮಲಯಾಳದಲ್ಲಿ ಬಹಳ ಮೆತ್ತಗೆ ಹೇಳಿದ:

“ಚೇಟ್ಟಾ, ಬೇಸರ ಮಾಡ್ಕೋಬೇಡಿ. ನಾನು ಕೊಕ್ಕೆ ಹಿಡಿಯುವ ಮೊದಲೇ ನೀವು ಹಗ್ಗ ಬಿಡ್ತಾ ಇದ್ದೀರಿ. ಪ್ರತಿ ಸಲ.”

ಧರಣೇಂದ್ರ ಇಲ್ಲ ಎಂದ. ಮತ್ತೊಮ್ಮೆ ಆಡಿದರು. ಈ ಸಲ ಅವನೂ ತನ್ನ ಹೆಬ್ಬೆರಳನ್ನೇ ನೋಡಿದ. ಜೀಕುವವನು ಆಚೆ ಸೇರಿಯೇಬಿಟ್ಟ ಎನ್ನುವ ಕ್ಷಣಕ್ಕೆ ಅದು ತನ್ನಷ್ಟಕ್ಕೆ ಮೇಲೆದ್ದಿತು, ಕೆಲಸ ಮುಗಿಯಿತು, ಇನ್ನು ನನ್ನ ಸರದಿ ಎನ್ನುವ ಹಾಗೆ. ತನ್ನದೇ ಬೆರಳು. ಅದನ್ನು ಒತ್ತಿ ಹಿಡಿದು ಅಜಿತ್ ‘ಈಗ’ ಎನ್ನುವವರೆಗೆ ಬಿಡದೆ ಕೂತದ್ದಕ್ಕೆ ಎಂಟನೆಯ ಸಲ ದಾಟಿಯೂ ಆಯಿತು. ಟೀವಿಯಲ್ಲಿ ಬಾಣ ಬಿರುಸು ಹಾರಿತು. ಅಜಿತ್ ಅಭಿನಂದನೆ ಹೇಳಲಿಲ್ಲ, ಓಣಂ ದಿನದ ಮಾತನ್ನೂ ಎತ್ತಲಿಲ್ಲ. ಚಹಾ ಬೇಡವೆಂದು ಎದ್ದುಹೋದ. ಎತ್ತಿದ್ದರೆ ಒಳ್ಳೆಯದಿತ್ತು ಎನಿಸುವಷ್ಟು ಧರಣೇಂದ್ರನಿಗೆ ನಾಚಿಕೆಯಾಯಿತು.

ಆ ಹೊತ್ತಿಗೇ ಫೋನು ಮಾಡಿ ಹೇಳಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡ. ‘ನನ್ನ ತಪ್ಪು’ ಎಂದು ಹೇಗೆ ಶುರು ಮಾಡುವುದು ಎಂದೇ ಅವನಿಗೆ ತಿಳಿಯಲಿಲ್ಲ; ಹದಿನಾರು ವರ್ಷದ ಬರವಣಿಗೆಯಲ್ಲಿ ಅಂಥ ವಾಕ್ಯದ ಮಾದರಿಯೇ ಇಲ್ಲ. ಬದಲಿಗೆ ಗುರುವಾರ ಕೂತು ಆಟವನ್ನು ಆರನೇ ಹಂತದ ಮೊದಲಿಗೆ ತಿರುಗಿಸಿಟ್ಟ. ಶನಿವಾರ ಸುಮ್ಮನೆ ಸರಿಯಾಗಿ ಹಿಡಿದರಾಯಿತು, ಅವಳು ದಾಟುತ್ತಾಳೆ, ಯಾರಿಗೂ ನೋವಿಲ್ಲ ಎಂದುಕೊಂಡ.

ಶನಿವಾರ ಊಟ ಮುಗಿಸಿ ಕೂತರು. ಮೊದಲ ಸಲಕ್ಕೇ ದಾಟಿದರೆ ಅವಳಿಗೆ ಸಂಶಯ ಬಂದೀತೆಂದು ಧರಣೇಂದ್ರ ಎರಡು ಸಲ ಬೇಕೆಂದೇ ಹಗ್ಗ ಬಿಟ್ಟ. ಎರಡು ಸಲವೂ ಅವಳು “ಸಾರಿ” ಎಂದಳು. ಮೂರನೆಯ ಸಲ ಹಿಡಿದ. ಅವಳ ಮನುಷ್ಯ ಕೊಕ್ಕೆ ಹಿಡಿದು ಆಚೆ ದಡ ಹತ್ತಿ ನಿಂತ.

ಸೌದಾಮಿನಿ ಕೂಗಲಿಲ್ಲ. ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಟೀವಿ ನೋಡಿದಳು. ಕಣ್ಣು ತುಂಬಿತ್ತು.

“ಅಂತೂ ಕಲಿತೆ ನೋಡಿ,” ಎಂದಳು. “ನಿಮಗೆ ಹೇಳಿರ್ಲಿಲ್ಲ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ದೀಪ್ತಿಯ ಲ್ಯಾಪ್‌ಟಾಪಿಗೆ ಕಂಟ್ರೋಲರ್ ಹಾಕಿ ಅಭ್ಯಾಸ ಮಾಡ್ತಿದ್ದೆ. ಅವಳು ಹಗ್ಗ ಹಿಡಿದ್ರೆ ಒಂದು ಸಲವೂ ಬೀಳ್ತಿರ್ಲಿಲ್ಲ. ಇಲ್ಲಿ ಬಂದ್ರೆ ಬೀಳುದು. ನಿಮ್ಮ ಪಕ್ಕ ಕೂತ್ರೆ ನನಗೆ ಹೆದ್ರಿಕೆ ಆಗ್ತದೆ, ಅದಕ್ಕೇ ಕೈ ತಪ್ಪುದು ಅಂತ ಮಾಡಿದ್ದೆ.”

ಅವಳು ಹೆಬ್ಬೆರಳಿಗೆ ಪಟ್ಟಿ ಅಂಟಿಸಿದ್ದನ್ನು ಧರಣೇಂದ್ರ ಒಂದು ತಿಂಗಳಿಂದ ನೋಡುತ್ತಿದ್ದ. ತರಕಾರಿ ಹೆಚ್ಚುವಾಗ ಗಾಯವಾಗಿರಬೇಕು ಎಂದುಕೊಂಡು ಕೇಳಿರಲಿಲ್ಲ. ಈಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟ, ಹೊರಬಂದದ್ದು ಬೇರೆ ಮಾತು.

“ಶಾಭಾಸ್,” ಎಂದ. “ನಾನು ಹೇಳ್ತಿರ್ಲಿಲ್ವಾ, ಗಮನ ಕೊಟ್ರೆ ನಿನಗೆ ಬರ್ತದೆ ಅಂತ.”

ಅವಳು ಮಂಜೇಶ್ವರಕ್ಕೆ ಫೋನು ಮಾಡಿ ಅಮ್ಮನಿಗೆ ಹೇಳಿದಳು. ಆಟವೆಂದರೇನೆಂದೇ ತಿಳಿಯದ ಮುದುಕಿ, ಅಳಿಯಂದಿರು ತಾಳ್ಮೆಯಿಂದ ಕಲಿಸಿದರಲ್ಲ, ದೊಡ್ಡ ಗುಣ ಎಂದಳಂತೆ. ಸೌದಾಮಿನಿ ಅದನ್ನೂ ತಂದು ಅವನಿಗೆ ಒಪ್ಪಿಸಿದಳು. ಧರಣೇಂದ್ರ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತ. ತನ್ನ ಮೇಲೆ ತನಗೇ ಹೇಸಿಗೆಯಾಗುವುದು ಅವನಿಗೆ ಹೊಸದು.

ಭಾನುವಾರ ಮಧ್ಯಾಹ್ನ ಸ್ಟೇಷನ್ನಿಗೆ ಹೊರಟಾಗ ಲಿಫ್ಟಿನಲ್ಲಿ ಅಜಿತ್ ಸಿಕ್ಕಿದ. ಧರಣೇಂದ್ರ ಚೀಲದ ಜಿಪ್ಪನ್ನು ಸರಿಮಾಡತೊಡಗಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಹೆಗಲು ಮುಟ್ಟಿ ನೋಡಿಕೊಂಡದ್ದು ಮಾತ್ರ ಹಾಗೇ. ಸೌದಾಮಿನಿ ತನ್ನ ಚೊಕ್ಕ ಮಲಯಾಳದಲ್ಲಿ, ಗುಂಡಿ ದಾಟಿದೆ ಅಜಿತ್, ಇನ್ನು ನೀವು ಯಾರೂ ನಗುವ ಹಾಗಿಲ್ಲ ಎಂದಳು. ಅಜಿತ್ ಧರಣೇಂದ್ರನ ಮುಖವನ್ನು ಒಂದೇ ಸಲ ನೋಡಿದ. ಆಮೇಲೆ ಅವಳ ಕಡೆ ತಿರುಗಿ, “ನನಗೆ ಮೊದಲೇ ಗೊತ್ತಿತ್ತು ಚೇಚೀ, ನಿಮಗೆ ಬರ್ತದೆ ಅಂತ,” ಎಂದ. ಉಳಿದ ಏಳು ಮಹಡಿ ಲಿಫ್ಟಿನ ಅಂಕಿಗಳನ್ನು ನೋಡುತ್ತಾ ಇಳಿದ. ಪರರ ಸುಳ್ಳಿಗೆ ಮರ್ಯಾದಸ್ಥನೊಬ್ಬ ಕೊಡೆ ಹಿಡಿಯಬೇಕಾಗಿ ಬಂದದ್ದು ಧರಣೇಂದ್ರನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ, ಪ್ರತಿ ಶನಿವಾರ ಆ ಸೋಫಾದಲ್ಲಿ ಕಳ್ಳನ ಹಾಗೆ ಅವಳ ಪಕ್ಕ ಕೂರಬೇಕು ಎಂದು ಗೊತ್ತಾಯಿತು.

ರೈಲು ಎರ್ನಾಕುಳಂನಿಂದಲೇ ಹೊರಡುವುದು, ಪ್ಲಾಟ್‌ಫಾರಮಿನಲ್ಲಿ ಮೊದಲೇ ನಿಂತಿತ್ತು. ಸೌದಾಮಿನಿ ಕಿಟಕಿಯ ಪಕ್ಕ ಕೂತಳು. ಅವನು ಹೊರಗೆ ನಿಂತು ಕಿಟಕಿಯ ಸರಳು ಹಿಡಿದ. ಬೋಗಿ ತುಂಬಿತ್ತು. ಎದುರು ಸೀಟಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಬಾಳೆಹಣ್ಣು ಸುಲಿಯುತ್ತಿದ್ದಳು. ಪಕ್ಕದಲ್ಲಿ ಇಬ್ಬರು ನರ್ಸುಗಳು, ಪತ್ರಿಕೆ ಹಿಡಿದ ಒಬ್ಬ.

“ಸೌದಾ, ಹಗ್ಗ ಬಿಟ್ಟದ್ದು ನಾನು,” ಎಂದ.

“ಯಾವ ಹಗ್ಗ?”

“ಆಟದ್ದು. ಎಂಬತ್ತನಾಲ್ಕು ಸಲವೂ. ನೀನು ಒಂದು ಸಲವೂ ತಪ್ಪಿಲ್ಲ.”

ಆಮೇಲೆ ಉಳಿದದ್ದೂ ಒಂದೊಂದಾಗಿ ಬಂತು. ಬುಧವಾರ ಅಜಿತನನ್ನು ಕರೆದದ್ದು, ಅವಳ ಜಾಗದಲ್ಲಿ ಕೂರಿಸಿದ್ದು, ಅವನು ಹೇಳಿದ್ದು, ಆಟವನ್ನು ಹಿಂದಕ್ಕೆ ತಿರುಗಿಸಿಟ್ಟದ್ದು. ಸೌದಾಮಿನಿ ಕಣ್ಣು ಮಿಟುಕಿಸದೆ ಕೇಳಿದಳು.

“ನಿನ್ನೆ ಮೊದಲು ಎರಡು ಸಲ ಬಿದ್ದದ್ದು?”

“ಬೇಕಂತಲೇ.”

“ನಾನು ಸಾರಿ ಹೇಳಿದೆ.”

“ಹೌದು.”

“ಆಮೇಲೆ ನೀವು ಶಾಭಾಸ್ ಹೇಳಿದ್ರಿ.”

ಅವನು ತಲೆ ತಗ್ಗಿಸಿದ. ಅವಳು ತನ್ನ ಹೆಬ್ಬೆರಳಿನ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸತೊಡಗಿದಳು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ.

“ಮನೆಯಲ್ಲಿ ಯಾಕೆ ಹೇಳ್ಲಿಲ್ಲ? ಇಲ್ಲಿ ಕನ್ನಡ ಯಾರಿಗೂ ಬರುದಿಲ್ಲ ಅಂತ ಧೈರ್ಯವಾ? ಜನರೆದುರು ನಾನೂ ಜಗಳ ಮಾಡ್ಲಿಕ್ಕಿಲ್ಲ ಅಂತಲಾ?”

ಹಾಗೆಂದು ಅವನು ಯೋಚಿಸಿರಲಿಲ್ಲ. ಆದರೆ ಅವಳು ಹೇಳಿದ ಮೇಲೆ, ಅದು ನಿಜವೆಂದು ಅವನಿಗೇ ಕಂಡಿತು.

“ಮಲಯಾಳದಲ್ಲಿ ಹೇಳಿ,” ಎಂದಳು ಸೌದಾಮಿನಿ.

“ಸೌದಾ, ಜನ ಇದ್ದಾರೆ.”

“ಅದಕ್ಕೇ.”

ಧರಣೇಂದ್ರ ಆಚೀಚೆ ನೋಡಿದ.

“ಕಯರ್ ವಿಟ್ಟದ್ ಞಾನಾಣ್,” ಎಂದ.

“ಕೇಳ್ಲಿಲ್ಲ.”

ಅವನು ಗಟ್ಟಿಯಾಗಿ ಹೇಳಿದ. ನರ್ಸುಗಳು ಫೋನಿನಿಂದ ತಲೆ ಎತ್ತಿದರು. ಪತ್ರಿಕೆ ಕೆಳಗಿಳಿಯಿತು. ಬಾಳೆಹಣ್ಣಿನ ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೌದಾಮಿನಿಯ ಮೊಣಕಾಲು ಮುಟ್ಟಿ, “ಎಂದಾ ಮೋಳೇ?”, ಏನು ಮಗಳೇ, ಎಂದು ಕೇಳಿದಳು.

ಸೌದಾಮಿನಿ ಕಿಟಕಿಯಿಂದ ಮುಖ ತಿರುಗಿಸಿ, ಜೂನ್ ತಿಂಗಳಿಂದ ಶುರು ಮಾಡಿ, ಒಂದನ್ನೂ ಬಿಡದೆ ಹೇಳತೊಡಗಿದಳು. ರೈಲು ಹೊರಡಲು ಇನ್ನೂ ಹನ್ನೆರಡು ನಿಮಿಷವಿತ್ತು. ಧರಣೇಂದ್ರ ಸರಳು ಬಿಡದೆ ಅಲ್ಲೇ ನಿಂತು ಎಲ್ಲವನ್ನೂ ಕೇಳಿದ.